ಸಾಸಿವೆ ಕಾಳಿಗೆ ಸಂದೂಕ

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಹಲವು ವರ್ಷ ಕುಳಿತು, ಆಮೇಲೆ ಪತ್ರಿಕೆಯ ಮೇಜಿನ ಮುಂದೆ ಬಂದು ಕುಳಿತವರು ನಾವು. ಗಿರಾಕಿಯೊಬ್ಬನು ಎರಡು ಇಡ್ಲಿ ಕಟ್ಟಿಸಿಕೊಂಡು ಹೋಗುವುದಕ್ಕೆ ಎಷ್ಟು ಎಲೆ ಬೇಕು, ಎಷ್ಟು ನೂಲು ಬೇಕು ಎಂಬ ಲೆಕ್ಕವನ್ನು ನಮ್ಮ ಕೈಬೆರಳುಗಳು ಇಂದಿಗೂ ಮರೆತಿಲ್ಲ. ಆದುದರಿಂದಲೇ ಇರಬೇಕು, ಕಳೆದ ತಿಂಗಳು ಮುಂಬಯಿಯ ನಮ್ಮ ಹೋಟೆಲಿನ ಬಾಗಿಲಿಗೆ ಬಂದ ಒಂದು ಪೆಟ್ಟಿಗೆಯು ನಮ್ಮನ್ನು ಅಷ್ಟೊಂದು ಚಕಿತಗೊಳಿಸಿತು.

ಸಂಗತಿ ಇಷ್ಟೇ. ಬಿಲ್ಲು ಮುದ್ರಿಸುವ ಯಂತ್ರವು ಕೆಟ್ಟು ನಿಂತಿತ್ತು. ಹೊಸದನ್ನೇ ಕೊಳ್ಳಿರೆಂದು ಮಾರಾಟಗಾರರ ಸಲಹೆ. ಆದರೆ ಹಿಂದೆ ನಮ್ಮಲ್ಲಿಯೇ ಲೋಟ ತೊಳೆಯುತ್ತ, ರಾತ್ರಿ ಶಾಲೆಯಲ್ಲಿ ಓದಿ, ಈಗ ಯಂತ್ರಗಳ ರಿಪೇರಿಯಿಂದ ಜೀವನ ಸಾಗಿಸುತ್ತಿರುವ ತರುಣನೊಬ್ಬನು ಅದನ್ನು ಬಿಚ್ಚಿ ನೋಡಿ, "ಧಣಿಗಳೇ, ಕೆಟ್ಟಿರುವುದು ಒಂದೆರಡು ಬಿಡಿಭಾಗ ಮಾತ್ರ, ಎಲ್ಲ ಸೇರಿ ನೂರು ರೂಪಾಯಿಯೂ ಆಗದು" ಎಂದನು. ಅಂತರ್ಜಾಲದ ಅಂಗಡಿಯೊಂದರಿಂದ ಹತ್ತು ರೆಸಿಸ್ಟರುಗಳನ್ನೂ ಎರಡು ಮಾಸ್‌ಫೆಟ್‌ಗಳನ್ನೂ ತರಿಸಿದನು. ಸಾಮಾನಿನ ಬೆಲೆಗಿಂತ ಸಾಗಾಟದ ವೆಚ್ಚವೇ ಹೆಚ್ಚಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

ಪೆಟ್ಟಿಗೆಯೊಳಗಿನ ಗಾಳಿ

ನಾಲ್ಕನೆಯ ದಿನ ಬಂದ ರಟ್ಟಿನ ಪೆಟ್ಟಿಗೆಯು ಮೂವತ್ತು ಸೆಂಟಿಮೀಟರು ಉದ್ದ, ಇಪ್ಪತ್ತೈದು ಅಗಲ, ಹದಿನೈದು ಎತ್ತರವಿತ್ತು. ಬಿಚ್ಚಿದರೆ ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ. ಅದರ ಕೆಳಗೆ ಗಾಳಿ ತುಂಬಿದ ಚೀಲಗಳ ಸರ. ಅದರ ಕೆಳಗೆ ಮತ್ತೊಂದು ಸಣ್ಣ ಪೆಟ್ಟಿಗೆ. ಅದರೊಳಗೆ ಎರಡು ಚೀಲ. ಒಂದು ಚೀಲವು ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ, ತೇವವನ್ನು ಬಣ್ಣದಿಂದ ತೋರಿಸುವ ಚೀಟಿ, ಇವುಗಳ ನಡುವೆ ಕಾಗದದ ಪಟ್ಟಿಯ ತುಂಡೊಂದರಲ್ಲಿ ಹತ್ತು ರೆಸಿಸ್ಟರುಗಳು! ಒಂದೊಂದರ ಉದ್ದ ೧.೬ ಮಿಲಿಮೀಟರು, ಅಗಲ ೦.೮ ಮಿಲಿಮೀಟರು. ಸಾಸಿವೆಯ ಕಾಳು ಅದಕ್ಕಿಂತ ದಪ್ಪವೆನ್ನಬೇಕು. ಬಿಡಿಬಿಡಿಯಾಗಿ ಸುರಿದರೆ ಆ ದೊಡ್ಡ ಪೆಟ್ಟಿಗೆಯಲ್ಲಿ ಇಂಥವು ಒಂದು ಕೋಟಿ ಹಿಡಿದಾವು.

ನಮ್ಮ ಅಡಿಗೆಯವರು ಇದನ್ನು ಕಂಡು, "ಹುಡುಗ ಎಲ್ಲಿ, ಬರಿಯ ತೊಟ್ಟಿಲು ಬಂದಿದೆಯಲ್ಲ!" ಎಂದು ನಕ್ಕರು. ಆದರೆ ನಮ್ಮ ತರುಣನು ನಗಲಿಲ್ಲ. ಅವನ ಕಣ್ಣು ಎರಡನೆಯ ಚೀಲದ ಮೇಲಿತ್ತು. ಮಾಸ್‌ಫೆಟ್‌ಗಳೆರಡು ಕೊತ್ತಂಬರಿ ಕಟ್ಟುವಂಥ ಸಾಧಾರಣ ಪ್ಲಾಸ್ಟಿಕ್ ಚೀಲದಲ್ಲಿ ಬಿದ್ದಿದ್ದವು. ಒಂದರ ಕಾಲು ಬಾಗಿತ್ತು. ಪರೀಕ್ಷಿಸಿದಾಗ ಇನ್ನೊಂದು ಕೆಲಸವನ್ನೇ ಮಾಡಲಿಲ್ಲ.

ಎಚ್ಚರಿಕೆಗೆ ಕಾರಣವಿದೆ

ಇಲ್ಲಿ ಸ್ವಲ್ಪ ವಿಚಾರಮಾಡಬೇಕಾಗುತ್ತದೆ. ಈ ಹೊಳೆಯುವ ಚೀಲಗಳೆಲ್ಲ ಬರಿಯ ಆಡಂಬರವೆಂದು ಭಾವಿಸಿದರೆ ತಪ್ಪಾದೀತು. ಒಣ ಹವೆಯಲ್ಲಿ ನಡೆದು ಬಂದು ಬಾಗಿಲ ಹಿಡಿಯನ್ನು ಮುಟ್ಟಿದಾಗ ಬೆರಳಿಗೆ ಚುರುಕ್ಕೆನ್ನುವ ಅನುಭವವು ವಾಚಕರಲ್ಲಿ ಹಲವರಿಗೆ ಆಗಿರಬಹುದು. ಅದು ಸ್ಥಾಯೀವಿದ್ಯುತ್ತು. ನಮಗೆ ಅದರ ಅರಿವಾಗಬೇಕಾದರೆ ಎರಡು ಮೂರು ಸಾವಿರ ವೋಲ್ಟಾದರೂ ಬೇಕು. ಸೂಕ್ಷ್ಮವಾದ ಕೆಲವು ಚಿಪ್ಪುಗಳಾದರೋ ನೂರು ವೋಲ್ಟಿಗೂ ಕಡಿಮೆಯಲ್ಲಿ ಸುಟ್ಟುಹೋಗುತ್ತವೆ. ಮುಟ್ಟಿದವನಿಗೆ ತಾನು ಕೊಂದೆನೆಂಬುದೇ ತಿಳಿಯದು. ಲೋಹದ ತೆಳು ಲೇಪವಿರುವ ಆ ಬೆಳ್ಳಿಬಣ್ಣದ ಚೀಲವು ಅದಕ್ಕೆ ಕವಚ. ಮಾಸ್‌ಫೆಟ್ ಇಂಥ ಕವಚವನ್ನು ಬೇಡುವ ಜಾತಿಗೆ ಸೇರಿದುದು.

ತೇವದ ಭಯವೂ ನಿಜವೇ. ಪ್ಲಾಸ್ಟಿಕ್ ಮೈಯ ಚಿಪ್ಪುಗಳು ಹವೆಯ ತೇವವನ್ನು ಹೀರುತ್ತವೆ. ಕಾರ್ಖಾನೆಯ ಒಲೆಯಲ್ಲಿ ಸುಮಾರು ೨೫೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಸುಗೆ ಹಾಕುವಾಗ ಆ ತೇವವು ಉಗಿಯಾಗಿ, ಚಿಪ್ಪು ಜೋಳದ ಅರಳಿನಂತೆ ಒಡೆಯುತ್ತದೆ. ಆದಕಾರಣ ಕೆಲವು ಜಾತಿಯ ಚಿಪ್ಪುಗಳನ್ನು ಚೀಲ ಬಿಚ್ಚಿದ ಮೇಲೆ ೧೬೮ ಗಂಟೆಗಳೊಳಗೆ ಬೆಸೆಯಬೇಕೆಂಬ ನಿಯಮವುಂಟು. ಆದರೆ ಸಾಮಾನ್ಯ ರೆಸಿಸ್ಟರಿಗೆ ಈ ಎರಡು ಭಯಗಳೂ ಬಹುಮಟ್ಟಿಗೆ ಇಲ್ಲ. ಅಂದರೆ ಕವಚ ಬೇಡದವನಿಗೆ ಕವಚ ತೊಡಿಸಿ, ಬೇಕಾದವನನ್ನು ಬರಿಮೈಯಲ್ಲಿ ಕಳುಹಿಸಿದಂತಾಯಿತು.

ಗುಳ್ಳೆಯ ಹಾಳೆಗೂ ಒಂದು ಚರಿತ್ರೆಯಿದೆ. ೧೯೫೭ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಇಬ್ಬರು ಗೋಡೆಗೆ ಅಂಟಿಸುವ ಹೊಸ ಬಗೆಯ ಹಾಳೆಯನ್ನು ಮಾಡಹೊರಟು ಇದನ್ನು ಕಂಡುಹಿಡಿದರು. ಗೋಡೆಗೆ ಅದು ಯಾರಿಗೂ ಬೇಡವಾಯಿತು. ಕೊನೆಗೆ ಐಬಿಎಂ ಕಂಪೆನಿಯ ೧೪೦೧ ಎಂಬ ಗಣಕಯಂತ್ರವನ್ನು ಊರಿಂದೂರಿಗೆ ಕಳುಹಿಸುವಾಗ ಅದರ ಉಪಯೋಗ ಲೋಕಕ್ಕೆ ತಿಳಿಯಿತು. ಬೀರುವಿನ ಗಾತ್ರದ ಯಂತ್ರಕ್ಕೆ ಹೊದಿಸಿದ ಹಾಸಿಗೆಯನ್ನು ಇಂದು ಸಾಸಿವೆಗೆ ಹೊದಿಸುತ್ತಿದ್ದೇವೆ.

ಗಾಳಿಗೂ ಬಾಡಿಗೆ

ಹೀಗೇಕೆ ಆಗುತ್ತದೆ? ಉಗ್ರಾಣದಲ್ಲಿ ಕಟ್ಟುವವನಿಗೆ ಸಾಮಾನಿನ ಗುಣ ತಿಳಿಯದು. ಅವನ ಮುಂದಿರುವುದು ಸಂಖ್ಯೆಯ ಚೀಟಿ ಮಾತ್ರ. ಒಂದೊಂದು ಬಾಬಿಗೆ ಒಂದೊಂದು ಚೀಲ, ಒಂದೊಂದು ಚೀಟಿ. ಪೆಟ್ಟಿಗೆಗಳು ಕೆಲವೇ ಅಳತೆಯವು. ಸಣ್ಣದು ಮುಗಿದಿದ್ದರೆ ಕೈಗೆ ಸಿಕ್ಕಿದ ದೊಡ್ಡದು. ತಕ್ಕ ಪೆಟ್ಟಿಗೆಯನ್ನು ಹುಡುಕುವ ನಿಮಿಷಕ್ಕೆ ಕೂಲಿಯುಂಟು, ರಟ್ಟು ಅದಕ್ಕಿಂತ ಅಗ್ಗ. ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲಿರುವಾಗ ಪಾರ್ಸೆಲ್ ಕಟ್ಟುವ ಹುಡುಗನೂ ಹೀಗೆಯೇ ಮಾಡುತ್ತಾನೆಂಬುದನ್ನು ನಾವು ಬಲ್ಲೆವು. ಅವನನ್ನು ಬಯ್ದು ಪ್ರಯೋಜನವಿಲ್ಲ; ಕ್ರಮವನ್ನು ಏರ್ಪಡಿಸಿದ ಯಜಮಾನನನ್ನು ಕೇಳಬೇಕು.

ಆ ಯಜಮಾನನಿಗೂ ಇದು ಲಾಭವಲ್ಲವೆಂಬುದೇ ವಿಚಿತ್ರ. ವಿಮಾನದಲ್ಲಿ ಸಾಗಿಸುವ ಕೊರಿಯರಿನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ೫,೦೦೦ದಿಂದ ಭಾಗಿಸುತ್ತಾರೆ. ಬಂದ ಅಂಕಿಯು ನಿಜವಾದ ತೂಕಕ್ಕಿಂತ ಹೆಚ್ಚಾಗಿದ್ದರೆ ಅದೇ ಕಿಲೋ ತೂಕವೆಂದು ಎಣಿಕೆ. ಈ ಲೆಕ್ಕದಂತೆ ನಮ್ಮ ಪೆಟ್ಟಿಗೆಯ ತೂಕ ಎರಡೂಕಾಲು ಕಿಲೋ! ಒಳಗಿನ ಸಾಮಾನು ಹತ್ತು ಗ್ರಾಮಿನ ಸುತ್ತಮುತ್ತ. ಉಳಿದುದೆಲ್ಲ ಗಾಳಿಗೆ ತೆತ್ತ ಬಾಡಿಗೆ. ಕಟ್ಟಕಡೆಗೆ ಅದನ್ನು ತೆರುವವರು ಬಡ ರಿಪೇರಿಗಾರರೇ ಅಲ್ಲವೇ?

ನಮ್ಮ ಎಲೆಯ ಹೆಗ್ಗಣ

ರಟ್ಟನ್ನು ಭಂಗಾರಿನವನು ಸಂತೋಷದಿಂದ ಒಯ್ದನು. ಬೆಳ್ಳಿಬಣ್ಣದ ಚೀಲವನ್ನು ಹಿಂದಕ್ಕೆ ಎಸೆದನು. ಪ್ಲಾಸ್ಟಿಕ್ಕೂ ಲೋಹವೂ ಒಂದಕ್ಕೊಂದು ಅಂಟಿದ ವಸ್ತುವನ್ನು ಬೇರ್ಪಡಿಸುವುದು ಕಷ್ಟ, ಅದಕ್ಕೆ ಬೆಲೆಯಿಲ್ಲ. ಮುಂಬಯಿಯ ಕಸ ೧೯೨೭ರಿಂದ ದೇವನಾರಿನಲ್ಲಿ ಗುಡ್ಡವಾಗಿ ಬೆಳೆದಿದೆ. ೨೦೧೬ರ ಜನವರಿಯಲ್ಲಿ ಆ ಗುಡ್ಡಕ್ಕೆ ಬೆಂಕಿ ಹತ್ತಿ ನಗರವೇ ಹೊಗೆಯಲ್ಲಿ ಮುಳುಗಿದುದನ್ನು ನಮ್ಮವರು ಮರೆತಿರಲಾರರು.

೨೦೧೮ರಲ್ಲಿ ಮಹಾರಾಷ್ಟ್ರ ಸರಕಾರವು ಪ್ಲಾಸ್ಟಿಕ್ಕನ್ನು ನಿಷೇಧಿಸಿದಾಗ ಹೋಟೆಲಿನವರಾದ ನಾವು ಗೊಣಗಿದ್ದುಂಟು. ೨೦೨೨ರ ಜುಲೈ ೧ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟಗಳು ನಿಂತವು. ಗುಳ್ಳೆಯ ಹಾಳೆ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯನ್ನು ಅದೇ ವರ್ಷದ ನಿಯಮಗಳು ತಯಾರಕರ ಮೇಲೂ ಆಮದುದಾರರ ಮೇಲೂ ಹೊರಿಸಿವೆಯಾದರೂ ಪೆಟ್ಟಿಗೆಯ ಗಾತ್ರದ ಮಾತನ್ನು ಎತ್ತಿಲ್ಲ. ಯೂರೋಪಿನ ಒಕ್ಕೂಟವಾದರೋ ೨೦೨೫ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ, ಇಂಥ ಪೆಟ್ಟಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದು ಜಾಗ ಇರಕೂಡದೆಂದು ವಿಧಿಸಿ, ೨೦೩೦ನ್ನು ಗುರಿಯಾಗಿಟ್ಟುಕೊಂಡಿದೆ. ನಮ್ಮಲ್ಲಿಯೂ ಅಂಥದೊಂದು ಕಟ್ಟಳೆ ಏಕಿರಬಾರದು?

ಆದರೆ ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ನೆರೆಯವನ ಎಲೆಯ ನೊಣವನ್ನು ತೋರಿಸುವುದು ನ್ಯಾಯವಲ್ಲ. ಇಂದು ನಮ್ಮ ಹೋಟೆಲಿನಿಂದ ಹೊರಡುವ ಒಂದು ಪ್ಲೇಟು ಇಡ್ಲಿಗೂ ಡಬ್ಬಿ ಮೂರು, ಚೀಲ ಒಂದು. ಬಾಳೆಯೆಲೆಯ ಕಾಲ ನಮ್ಮ ಕಣ್ಣೆದುರಿನಲ್ಲಿಯೇ ಸರಿದುಹೋಯಿತು. ಪೆಟ್ಟಿಗೆಯನ್ನು ನೋಡಿ ನಕ್ಕ ರಾತ್ರಿ ಈ ಮಾತು ನೆನಪಾಗಿ ನಮಗೆ ನಿದ್ರೆ ತಡವಾಗಿ ಬಂತು. ಮರುದಿನವೇ, ಪಾತ್ರೆ ತಂದವರಿಗೆ ಸಾಂಬಾರನ್ನು ಒಂದು ಸೌಟು ಹೆಚ್ಚು ಹಾಕುವಂತೆ ತಮ್ಮನಿಗೆ ಹೇಳಿದ್ದೇವೆ.

ಯಂತ್ರದ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ತರುಣನು ಎರಡು ದಿನದ ಕೂಲಿಯನ್ನು ಕಳೆದುಕೊಂಡು, ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದನು. ಬೆಂಗಳೂರಿಗೆ ಎಸ್‌.ಪಿ. ರೋಡ್ ಹೇಗೋ ಮುಂಬಯಿಗೆ ಇದು ಹಾಗೆ. ಎಲ್ಲ ಸಾಮಾನೂ ಅಲ್ಲಿ ಸಿಕ್ಕುವುದಿಲ್ಲ, ಸಿಕ್ಕಿದುದೆಲ್ಲ ಅಸಲಿಯೆಂದೂ ಹೇಳಲಾಗದು. ಅಂತರ್ಜಾಲದ ಅಂಗಡಿಗಳೂ ಬೇಕೇ ಬೇಕು. ಆದರೆ ಅಂದು ಅಲ್ಲಿಯ ಮುದುಕ ಅಂಗಡಿಕಾರನು ಮಾಸ್‌ಫೆಟ್ಟಿನ ಮೂರು ಕಾಲುಗಳನ್ನು ಬೆರಳುಗಾತ್ರದ ಕಪ್ಪು ಫೋಮಿನ ತುಂಡಿಗೆ ಚುಚ್ಚಿ ಕೊಟ್ಟನಂತೆ. ಆ ಫೋಮು ವಿದ್ಯುತ್ತನ್ನು ಹರಿಯಗೊಡುವಂಥದು; ಮೂರು ಕಾಲುಗಳನ್ನೂ ಒಂದಾಗಿ ಬೆಸೆದು ಸ್ಥಾಯೀವಿದ್ಯುತ್ತಿನ ಪೆಟ್ಟನ್ನು ತಡೆಯುತ್ತದೆ, ಕಾಲೂ ಬಾಗುವುದಿಲ್ಲ. ತರುಣನು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದನು. ಸಂಜೆಗೆ ಯಂತ್ರವು ಬಿಲ್ಲು ಮುದ್ರಿಸಿತು.

ತಾನು ಮಾರುವ ವಸ್ತುವಿನ ಮರ್ಮವನ್ನು ತಿಳಿದವನಿಗೆ ಬೆರಳಗಲದ ಫೋಮು ಸಾಕಾಗುತ್ತದೆ. ತಿಳಿಯದವನಿಗೆ ಸಂದೂಕವೂ ಸಾಲದು. ನಮ್ಮ ತರುಣ ರಿಪೇರಿಗಾರರು ನಾಲ್ಕಾರು ಮಂದಿ ಒಟ್ಟುಗೂಡಿ ಒಂದೇ ಬಾರಿಗೆ ಸಾಮಾನು ತರಿಸಲಿ. ಬಂದ ಚೀಲಗಳನ್ನು ಎಸೆಯದೆ ಚಿಪ್ಪುಗಳಿಗಾಗಿ ಕಾದಿಡಲಿ. ದುಂದು ಕಂಡಲ್ಲಿ ಮಾರಿದವರಿಗೆ ಎರಡು ಸಾಲು ಬರೆದು ತಿಳಿಸಲಿ. ಬರೆದವರು ಅದರ ಒಂದು ಪ್ರತಿಯನ್ನು ನಮಗೂ ಕಳುಹಿಸಿದರೆ ಈ ಅಂಕಣದಲ್ಲಿ ಸಂತೋಷದಿಂದ ಸ್ಥಳ ಕೊಡುವೆವು.