ತಬೇಲಾದ ಹಾಲು, ಹಟ್ಟಿಯ ಹಾಲು: ನಂಬಿದ್ದೆಷ್ಟು, ನಿಜವೆಷ್ಟು?

ಗೋರೆಗಾಂವ್, ಜೋಗೇಶ್ವರಿಯ ತಬೇಲಾಗಳ, ಅಂದರೆ ಎಮ್ಮೆ ಕೊಟ್ಟಿಗೆಗಳ, ದಪ್ಪ ಹಾಲು ಮುಂಬೈ ಕನ್ನಡಿಗರಿಗೆ ಹೊಸದಲ್ಲ. ಊರಿನಲ್ಲಿ ಹಟ್ಟಿ, ಗದ್ದೆ, ತೋಟ ಒಂದನ್ನೊಂದು ನೆಚ್ಚಿಕೊಂಡಿರುವುದನ್ನು ಕಂಡವರೂ ಇಲ್ಲಿ ಬೇಕಾದಷ್ಟಿದ್ದಾರೆ. ಆದರೂ ಹೈನುಗಾರಿಕೆ ಮೇಲೋ ಮಿಶ್ರ ಬೇಸಾಯ ಮೇಲೋ ಎಂಬ ಮಾತು ಬಂದಾಗ ಕೆಲವು ತಪ್ಪು ಲೆಕ್ಕಗಳು ನುಸುಳುತ್ತವೆ.

ತಪ್ಪು ಕಲ್ಪನೆ: ಒಂದೆರಡು ಎಮ್ಮೆ ಕಟ್ಟಿದವರಿಂದ ಮಹಾನಗರಕ್ಕೆ ಹಾಲು ಪೂರೈಸಲಾಗದು.

ಸತ್ಯ: 1945ರಲ್ಲೇ ಬಾಂಬೆ ಮಿಲ್ಕ್ ಸ್ಕೀಮ್ ಸುಮಾರು 400 ಕಿಲೋಮೀಟರ್ ದೂರದ ಗುಜರಾತಿನ ಆಣಂದದಿಂದ ಹಾಲು ತರಿಸತೊಡಗಿತ್ತು. ಮರುವರ್ಷ ಅಲ್ಲಿನ ರೈತರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಅಮುಲ್ ಆಯಿತು. ಅದಕ್ಕೆ ಹಾಲು ಹಾಕುವವರಲ್ಲಿ ಹೊಲದ ಜೊತೆಗೆ ಒಂದೆರಡು ರಾಸು ಸಾಕಿದ ಸಣ್ಣ ರೈತರೇ ಹೆಚ್ಚು. ನಮ್ಮ ನಂದಿನಿಯ ಬಲವೂ ಅಂಥವರೇ.

ತಪ್ಪು ಕಲ್ಪನೆ: ಬರೀ ಹೈನುಗಾರಿಕೆ ಮಾಡಿದರೆ ಲಾಭ ಖಚಿತ.

ಸತ್ಯ: ದಿನವೂ ದುಡ್ಡು ಓಡಾಡುತ್ತದೆ, ನಿಜ. ಆದರೆ ನಗರದ ತಬೇಲಾ ಹುಲ್ಲು, ಹಿಂಡಿ ಎರಡನ್ನೂ ಕೊಂಡೇ ತರಬೇಕು. ಹಿಂಡಿಯ ಬೆಲೆ ಏರಿದಷ್ಟು ಹಾಲಿನ ಬೆಲೆ ಏರದಿದ್ದರೆ ಗಂಟು ಕರಗುತ್ತದೆ. ಮಿಶ್ರ ಬೇಸಾಯಗಾರನಿಗೆ ಗದ್ದೆಯ ಬೈಹುಲ್ಲು ಸಿಗುತ್ತದೆ; ಬೆಳೆ ಕೈಕೊಟ್ಟ ವರ್ಷ ಹಾಲಿನ ಕಾಸು ಮನೆ ನಡೆಸುತ್ತದೆ. ಅವನಿಗೂ ಸುಖವೇನಿಲ್ಲ: ಕೊಯ್ಲಿನ ದಿನವೂ ಹಾಲು ಕರೆಯಲೇಬೇಕು, ಆಳು ಸಿಗದು, ಬರೀ ಒಣಹುಲ್ಲು ತಿಂದ ರಾಸು ಹೆಚ್ಚು ಹಾಲು ಕೊಡದು.

ತಪ್ಪು ಕಲ್ಪನೆ: ಸಗಣಿ ಎಲ್ಲಿದ್ದರೂ ಗೊಬ್ಬರವೇ.

ಸತ್ಯ: ಹೊಲ ಸೇರಿದರೆ ಮಾತ್ರ. 1949ರಲ್ಲಿ ರೂಪುಗೊಂಡ ಮುಂಬೈಯ ಆರೆ ಮಿಲ್ಕ್ ಕಾಲೊನಿ ಸುಮಾರು 16,000 ಎಮ್ಮೆಗಳಿಗೆ ನೆಲೆಯಾಗಿತ್ತು. ಎಮ್ಮೆಗೆ ದಿನಕ್ಕೆ 15 ಕಿಲೋ ಸಗಣಿ ಎಂದು ಹಿಡಿದರೂ 240 ಟನ್! ಅಷ್ಟನ್ನು ಹೊರಲು ಹೊಲವೆಲ್ಲಿದೆ? ಓಶಿವರಾ, ದಹಿಸರ್ ನದಿಗಳು ಕೆಟ್ಟದ್ದರಲ್ಲಿ ತಬೇಲಾಗಳ ಸಗಣಿನೀರಿನ ಪಾಲೂ ಇದೆ. ಕರಾವಳಿ, ಮಲೆನಾಡಿನ ಹಟ್ಟಿಯಲ್ಲಾದರೋ ಸೊಪ್ಪು ಹಾಸಿ, ದನ ತುಳಿದು ಹದಗೊಂಡ ಗೊಬ್ಬರ ನೇರ ಅಡಿಕೆ ಬುಡಕ್ಕೆ, ಗದ್ದೆಗೆ ಹೋಗುತ್ತದೆ.

ತಪ್ಪು ಕಲ್ಪನೆ: ಒಳ್ಳೆಯ ಜಾತಿಯ ಎಮ್ಮೆ ತಂದರೆ ವರ್ಷಗಟ್ಟಲೆ ಹಾಲಿಗೆ ಚಿಂತೆಯಿಲ್ಲ.

ಸತ್ಯ: ಕರು ಹಾಕಿದ ಎಮ್ಮೆ ಸುಮಾರು ಹತ್ತು ತಿಂಗಳು ಹಾಲು ಕೊಟ್ಟು ಬತ್ತುತ್ತದೆ; ಮತ್ತೆ ಕರೆಯಬೇಕಾದರೆ ಇನ್ನೊಂದು ಕರು ಹಾಕಬೇಕು. ಮುಂಬೈಯಲ್ಲಿ ಕಾಲಿಡುವ ಜಾಗಕ್ಕೂ ಬೆಲೆ. ಹಾಗಾಗಿ ಹರಿಯಾಣ, ಗುಜರಾತಿನಿಂದ ಹೊಸದಾಗಿ ಕರು ಹಾಕಿದ ಎಮ್ಮೆ ತಂದು, ಬತ್ತಿದ್ದನ್ನು ಸಾಗಹಾಕುವುದು ತಬೇಲಾಗಳ ಹಳೆಯ ರೂಢಿ. ಎಷ್ಟೋ ಒಳ್ಳೆಯ ತಳಿಯ ಎಮ್ಮೆಗಳು ಹೀಗೆ ಕಸಾಯಿಖಾನೆ ಸೇರಿದವು, ಕರುಗಳೂ ಉಳಿಯಲಿಲ್ಲ. ಹೊಲವಿದ್ದವನಿಗೆ ಬತ್ತಿದ ರಾಸನ್ನು ಬದುವಿನ ಹುಲ್ಲಿನಲ್ಲೇ ನಾಲ್ಕು ತಿಂಗಳು ದಾಟಿಸಲು ಸಾಧ್ಯ.

ಹಾಗಾದರೆ ಯಾವುದು ಮೇಲು? ಹಸಿಮೇವು ಬೆಳೆಯಲು ನೆಲ, ಸಗಣಿಗೊಂದು ದಾರಿ, ಬತ್ತಿದ ಎಮ್ಮೆಗೆ ಜಾಗ ಇದ್ದರೆ ಹೈನುಗಾರಿಕೆಯೂ ಬಾಳುತ್ತದೆ. ಈ ಮೂರೂ ಇಲ್ಲದ ಕಡೆ ಹಾಲಿನ ಲೀಟರುಗಳನ್ನಷ್ಟೇ ಎಣಿಸಿದರೆ ಅದು ಅರ್ಧ ಲೆಕ್ಕ. ಉಳಿದರ್ಧದ ಖರ್ಚು ನದಿ, ಎಮ್ಮೆ, ಕರುಗಳ ಪಾಲಿಗೆ.