ಗೌಂಡಿಗೂ ಗೊತ್ತಾಗಲಿ ಗಟ್ಟಿ ಮನೆಯ ಗುಟ್ಟು

2021ರ ಅಕ್ಟೋಬರ್. ನಾನಾಗ ಪಿಯುಸಿ ಓದುತ್ತಿದ್ದೆ. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತಮುತ್ತ ಮೇಲಿಂದ ಮೇಲೆ ಭೂಮಿ ಗುಡುಗುತ್ತಿತ್ತು. ಅಲ್ಲಿಗೆ ಹತ್ತಿರವೇ ಇರುವ ನಮ್ಮೂರಿನಲ್ಲೂ ಜನ ಒಳಗೆ ಮಲಗಲು ಹೆದರುತ್ತಿದ್ದರು. ನಾವು ಹೊಲದಲ್ಲಿ ತಾಡಪತ್ರಿ ಕಟ್ಟಿಕೊಂಡು ರಾತ್ರಿ ಕಳೆದೆವು. ‘ಕಿಲ್ಲಾರಿ ಆದಾಗೂ ಹಿಂಗೇ ಹೊಲದಾಗ ಮಲಗಿದ್ದೆವು’ ಎಂದಳು ಆಯಿ.

ನಮ್ಮ ಭಾಗದ ಹಿರಿಯರಿಗೆ ‘ಕಿಲ್ಲಾರಿ’ ಎಂದರೆ ಬರೀ ಊರಿನ ಹೆಸರಲ್ಲ. 1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದು ಜನ ನಿದ್ದೆಗೆ ಜಾರಿದ್ದರು. ನಸುಕಿನ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಮಹಾರಾಷ್ಟ್ರದ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ನಡುಗಿತು. ಸತ್ತವರು 8 ಸಾವಿರದಿಂದ 10 ಸಾವಿರ ಎಂದು ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ. ಕಂಪನದ ಪ್ರಮಾಣ 6.2ರ ಆಸುಪಾಸು. ಅಷ್ಟಕ್ಕೇ ಅಷ್ಟು ಸಾವು ಏಕೆ?

ಸಿವಿಲ್ ಎಂಜಿನಿಯರಿಂಗ್‌ಗೆ ಸೇರಿದ ಮೇಲೆ ಉತ್ತರ ಸಿಕ್ಕಿತು. ಅದು ನಮ್ಮ ಮನೆಯ ಗೋಡೆಯಲ್ಲೇ ಇತ್ತು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡು ಅಡಿ ದಪ್ಪವಿದ್ದರೂ ಅದು ಒಂದು ಗೋಡೆಯಲ್ಲ, ಬೆನ್ನಿಗೆ ಬೆನ್ನು ತಾಗಿಸಿ ನಿಂತ ಎರಡು ಗೋಡೆ. ನೆಲ ಅಲುಗಿದರೆ ಎರಡೂ ಬೇರೆಯಾಗಿ ಬೀಳುತ್ತವೆ. ಮೇಲೆ ಮಾಳಿಗೆಯ ಮಣ್ಣು. ಸೋರಿದಾಗಲೆಲ್ಲ ಹೊಸ ಮಣ್ಣು ಹಾಕಿ ಹಾಕಿ ಭಾರ ಹೆಚ್ಚಿರುತ್ತದೆ. ಕಿಲ್ಲಾರಿಯಲ್ಲಿ ಜನರನ್ನು ಹೂತದ್ದು ಇದೇ ಕಲ್ಲು, ಇದೇ ಮಣ್ಣು.

ಆಯಿಯ ತಂಗಿಯನ್ನು ಕೊಟ್ಟಿರುವುದು ಉಮರ್ಗಾ ತಾಲ್ಲೂಕಿನ ಹಳ್ಳಿಗೆ. ಭೂಕಂಪದ ನಂತರ ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದ ಊರುಗಳಲ್ಲಿ ಅದೂ ಒಂದು. ಕಳೆದ ವರ್ಷ ಆಯಿಯನ್ನು ಕರೆದುಕೊಂಡು ಹೋಗಿದ್ದೆ. ನೇರ ರಸ್ತೆ, ಸಾಲು ಸಾಲು ಒಂದೇ ಥರದ ಕಾಂಕ್ರೀಟ್ ಮನೆಗಳು. ಆದರೆ ಹೆಚ್ಚಿನ ಮನೆಗಳ ಮುಂದೆ ಆಮೇಲೆ ಕಟ್ಟಿಕೊಂಡ ಕಲ್ಲಿನ ಕೋಣೆ. ‘ಕೊಟ್ಟ ಮನಿ ಗಟ್ಟಿ ಅದ, ಖರೆ. ಆದ್ರ ಬ್ಯಾಸಿಗ್ಯಾಗ ಕುದೀತದ. ಅದರಾಗ ಜೋಳದ ಚೀಲ ಇಟ್ಟೀವಿ, ಇದರಾಗ ಮಲಗತೀವಿ’ ಎಂದಳು ಸಣ್ಣಾಯಿ. ನಾನು ಕಲ್ಲಿನ ಗೋಡೆಯನ್ನು ತಟ್ಟಿ ನೋಡಿದೆ. ಅದೇ ಎರಡು ಸಾಲು, ಅದೇ ಮಣ್ಣು. ಕಾಳು ಸುರಕ್ಷಿತವಾಗಿತ್ತು, ಮನುಷ್ಯರು ಅಪಾಯದಲ್ಲಿದ್ದರು.

ಮನೆ ಕಟ್ಟಿಕೊಟ್ಟವರು ಕಟ್ಟುವ ವಿದ್ಯೆಯನ್ನು ಕೊಟ್ಟು ಹೋಗದಿದ್ದರೆ ಹೀಗಾಗುತ್ತದೆ ಎನ್ನಿಸಿತು. ಹಾಗೆಂದು ಎಲ್ಲ ಕಡೆಯೂ ಹೀಗೇ ನಡೆಯಲಿಲ್ಲ. ಹಾನಿ ಕಡಿಮೆಯಾಗಿದ್ದ ಹಳ್ಳಿಗಳಲ್ಲಿ ನೆರವು ಪಡೆದು ಮಾಲೀಕರೇ ಮನೆಗಳನ್ನು ಗಟ್ಟಿ ಮಾಡಿಸಿಕೊಂಡರು. ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ಜೊತೆ ಹಳ್ಳಿಯ ಹೆಣ್ಣುಮಕ್ಕಳೇ ‘ಸಂವಾದ ಸಹಾಯಕ’ರಾಗಿ ಮನೆಮಂದಿಗೂ ಎಂಜಿನಿಯರ್‌ಗಳಿಗೂ ನಡುವೆ ಓಡಾಡಿದರು. 2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ 7.7 ಪ್ರಮಾಣದ ಭೂಕಂಪ ಆದ ಮೇಲೆ ಈ ದಾರಿಯೇ ಹೆದ್ದಾರಿಯಾಯಿತು. ಹಣ ಕಂತಿನಲ್ಲಿ ಬರುತ್ತಿತ್ತು. ಒಂದು ಹಂತದ ಕೆಲಸ ಸರಿಯಿದೆ ಎಂದು ಎಂಜಿನಿಯರ್ ನೋಡಿದ ಮೇಲೆ ಮುಂದಿನ ಕಂತು. ಸಾವಿರಾರು ಗೌಂಡಿಗಳಿಗೆ ತರಬೇತಿ ಸಿಕ್ಕಿತು. ಬಹುಪಾಲು ಹಳ್ಳಿಗರು ತಮ್ಮ ಮನೆಯನ್ನು ತಾವೇ ನಿಂತು ಕಟ್ಟಿಸಿದರು.

ಕಳೆದ ಬೇಸಿಗೆ ರಜೆಯಲ್ಲಿ ಈ ಪಾಠವನ್ನು ಮನೆಗೆ ತಂದೆ. ಅಪ್ಪನಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವ ಆಸೆ, ಕೈಯಲ್ಲಿ ದುಡ್ಡಿಲ್ಲ. ‘ಇದನ್ನೇ ಗಟ್ಟಿ ಮಾಡೋಣ’ ಎಂದೆ. ಕಾಲೇಜಿನ ಉಪನ್ಯಾಸಕರಿಗೆ ತೋರಿಸಿ ತಿದ್ದಿಸಿಕೊಂಡ ನಕ್ಷೆಯನ್ನು ಜಂಬದಿಂದಲೇ ಗೌಂಡಿ ಕಾಕಾನ ಮುಂದೆ ಹರವಿದೆ. ಅವರು ಅದನ್ನು ನೋಡಿ, ಹಿತ್ತಲ ಗೋಡೆಗೆ ಕೈ ಮಾಡಿದರು. ‘ತಮ್ಮಾ, ನಿನ್ನ ಕಾಗದದಾಗ ಗೋಡಿ ಸೀದಾ ಅದ. ಇಲ್ಲಿ ನೋಡು, ಹೊಟ್ಟಿ ಬಂದದ.’

ಐದು ಸೆಮಿಸ್ಟರ್ ಓದಿದ ನಾನು ಹುಟ್ಟಿದ ಮನೆಯ ಗೋಡೆಯನ್ನು ಸರಿಯಾಗಿ ನೋಡಿರಲಿಲ್ಲ! ಅಂದಿನಿಂದ ಇಬ್ಬರೂ ಒಬ್ಬರಿಂದೊಬ್ಬರು ಕಲಿತೆವು. ಸೀದಾ ಇದ್ದ ಗೋಡೆಯಲ್ಲಿ ಆರಪಾರ ತೂತು ಮಾಡಿ, ಕೊಕ್ಕೆಯಂತೆ ಬಗ್ಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬಬೇಕು ಎಂದು ವಿವರಿಸಿದಾಗ ಕಾಕಾ, ‘ಅಂದ್ರ ಕೌದಿಗಿ ಹೊಲಿಗಿ ಹಾಕಿದಂಗ’ ಎಂದರು. ಇಷ್ಟು ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ. ಹೊಟ್ಟೆ ಬಂದ ಗೋಡೆಯನ್ನು ಬಿಚ್ಚಿ, ಎರಡೂ ಬದಿಗೆ ತಾಗುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟು ಮತ್ತೆ ಕಟ್ಟಿದರು. ಮಾಳಿಗೆಯ ಮಣ್ಣನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿ, ಸೋರದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆವು.

ಕೆಲಸ ಮುಗಿದಿಲ್ಲ. ಇನ್ನೂ ಎರಡು ಗೋಡೆ ಬಾಕಿ. ‘ತೊಗರಿ ರೊಕ್ಕ ಬರಲಿ, ನೋಡಾಮ್’ ಎನ್ನುತ್ತಾನೆ ಅಪ್ಪ. ಆಯಿ ಮಾತ್ರ ಹೊಲಿಗೆ ಹಾಕಿದ ಗೋಡೆಯ ಪಕ್ಕಕ್ಕೆ ತನ್ನ ಹಾಸಿಗೆ ಸರಿಸಿಕೊಂಡಿದ್ದಾಳೆ.

ಗೆಳೆಯರೇ, ಭೂಕಂಪವಾದ ಮೇಲೆ ಬಟ್ಟೆ, ಕಂಬಳಿ ಕಳಿಸಲು ನಾವೆಲ್ಲ ಮುಂದೆ ಬರುತ್ತೇವೆ. ಬರಲೇಬೇಕು. ಆದರೆ ಬಿದ್ದ ಮನೆ ಮತ್ತೆ ಬೀಳದಂತೆ ಕಟ್ಟುವವರು ಆ ಊರಿನ ಗೌಂಡಿಗಳೇ. ಎನ್‌ಎಸ್‌ಎಸ್ ಶಿಬಿರಕ್ಕೆ ಹಳ್ಳಿಗೆ ಹೋದಾಗ ಒಂದು ದಿನವನ್ನಾದರೂ ಅವರ ಜೊತೆ ಗೋಡೆ ನೋಡುತ್ತಾ ಕಳೆಯಬಹುದಲ್ಲವೇ?

ಮೊನ್ನೆ ತರಗತಿಯಲ್ಲಿದ್ದಾಗ ಕಾಕಾನ ಫೋನ್ ಬಂತು. ಪಕ್ಕದ ಊರಿನಲ್ಲಿ ಯಾರದೋ ಮನೆ ಕಟ್ಟುತ್ತಿದ್ದರಂತೆ. ‘ತಮ್ಮಾ, ಆ ಉದ್ದ ಕಲ್ಲು ಎಷ್ಟಕ್ಕೊಂದು ಅಂದಿದ್ದಿ?’

ಹೊರಗೆ ಓಡಿಬಂದು ಹೇಳಿದೆ: ‘ಉದ್ದಕ್ಕ ನಾಕಡಿಗೊಂದು, ಎತ್ತರಕ್ಕ ಎರಡಡಿಗೊಮ್ಮೆ ಕಾಕಾ.’