ಗಜನಿಯ ಒಡ್ಡು ಮತ್ತು ದೂರದ ನಾವು

ಕೌಲಾಲಂಪುರದ ನೈಋತ್ಯಕ್ಕಿರುವ ಪುಚೊಂಗ್ ಎಂಬ ಊರಿನಲ್ಲಿ ನಾನು ನೆಲೆಸಿ ಇಪ್ಪತ್ತೈದು ವರ್ಷಗಳು ಸಂದಿವೆ. ಒಂದು ಕಾಲಕ್ಕೆ ತವರದ ಗಣಿಗಳ ಮತ್ತು ರಬ್ಬರ್ ತೋಟಗಳ ಈ ಪ್ರದೇಶಕ್ಕೆ 1999ರಲ್ಲಿ ದಮನ್ಸಾರ–ಪುಚೊಂಗ್ ಸುಂಕದ ಹೆದ್ದಾರಿ ಬಂದಿತು. ಹೆದ್ದಾರಿಯ ಬೆನ್ನಿಗೇ ಬಡಾವಣೆಗಳು, ಬಡಾವಣೆಗಳ ಬೆನ್ನಿಗೇ ವಾಹನಗಳ ದಟ್ಟಣೆ. ನಗರದ ಲಘು ರೈಲು ನಮ್ಮಲ್ಲಿಗೆ ತಲುಪಲು 2016 ಆಗಬೇಕಾಯಿತು. ತವರ ಬಗೆದ ಹೊಂಡಗಳು ಇಂದು ಕೆರೆಗಳೆನಿಸಿವೆ. 1906ರಲ್ಲಿ ನಾಲ್ಕು ಸಾವಿರ ಹೆಕ್ಟೇರುಗಳಿಗೂ ಮಿಕ್ಕಿದ್ದ ಆಯರ್ ಹಿತಮ್ ಅರಣ್ಯ ಸುಮಾರು 1,200 ಹೆಕ್ಟೇರಿಗೆ ಇಳಿದು, ಬಡಾವಣೆಗಳ ನಡುವೆ ದ್ವೀಪದಂತೆ ನಿಂತಿದೆ. ರಸ್ತೆಯ ನಕಾಶೆ ಬಿಡಿಸುವುದೇ ನನ್ನ ವೃತ್ತಿಯಾದ್ದರಿಂದ ಇದನ್ನು ದೂರುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ.

ಆದರೆ ಈ ದೇಶದ ಒಂದು ಕಟ್ಟಳೆಯನ್ನು ನಾನು ಮೆಚ್ಚಿಕೊಂಡಿದ್ದೇನೆ. 1976ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯಂತೆ ಸ್ಥಳೀಯ ಯೋಜನೆಯ ಕರಡನ್ನು ಜನರ ಮುಂದೆ ಪ್ರದರ್ಶನಕ್ಕಿಟ್ಟು ಆಕ್ಷೇಪಣೆಗಳನ್ನು ಆಲಿಸಬೇಕು. ಆಲಿಸಿದ ಮಾತ್ರಕ್ಕೆ ಒಪ್ಪಬೇಕೆಂದಿಲ್ಲ, ನಿಜ. ಪೆನಾಂಗ್ ರಾಜ್ಯದ ಕಥೆಯನ್ನೇ ನೋಡಿ. ಲಘು ರೈಲು, ಹೆದ್ದಾರಿಗಳಿಗೆ ಹಣ ಹೊಂದಿಸಲೆಂದು ಅಲ್ಲಿನ ಸರ್ಕಾರ ಕಡಲನ್ನು ತುಂಬಿ ಮೂರು ಕೃತಕ ದ್ವೀಪಗಳನ್ನು, ಒಟ್ಟು 4,500 ಎಕರೆಗಳಷ್ಟು, ನಿರ್ಮಿಸಲು ಹೊರಟಿತು. ಮೀನುಗಾರರು ಮೇಲ್ಮನವಿ ಸಲ್ಲಿಸಿದರು. 2021ರಲ್ಲಿ ಪರಿಸರ ಅನುಮತಿ ರದ್ದಾಯಿತು. 2023ರಲ್ಲಿ ಮೂರು ದ್ವೀಪಗಳು ಒಂದಕ್ಕೆ ಇಳಿದು ಕೆಲಸ ಆರಂಭವಾಯಿತು. ಮರುವರ್ಷ ರೈಲಿನ ವೆಚ್ಚವನ್ನು ಕೇಂದ್ರ ಸರ್ಕಾರವೇ ವಹಿಸಿಕೊಂಡಿತು! ಯಾವ ರೈಲಿಗಾಗಿ ಕಡಲನ್ನು ತುಂಬಬೇಕೆಂದರೋ ಆ ರೈಲಿಗೆ ಬೇರೆ ಕಡೆಯಿಂದ ಹಣ ಬಂದರೂ ದ್ವೀಪ ಮಾತ್ರ ಏಳುತ್ತಲೇ ಇದೆ.

ಇಷ್ಟೆಲ್ಲ ಹೇಳಲು ಕಾರಣ ನನ್ನ ಹುಟ್ಟೂರು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರವನ್ನು ಸೇರುವ ಅಳಿವೆಯ ದಡದಲ್ಲಿ ನಮ್ಮ ಮನೆಯಿದೆ. ಎದುರು ದಡದಲ್ಲಿ ತದಡಿ. ಅಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಬರುವುದೆಂಬ ಮಾತು ಎದ್ದು ಅಡಗಿತು. ಬಂದರು ಬರುವುದೆಂಬ ಮಾತೂ ಎದ್ದಿತು. ಕೊನೆಗೆ 2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರು ರಾಮ್ಸರ್ ಪಟ್ಟಿಗೆ ಸೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಇಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಮೀನು ದೊರೆಯುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದೇ ಕಸುಬು. ಇಳಿತದ ವೇಳೆಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರನ್ನು ಕಂಡವರಿಗೆ ಈ ಅಂಕಿಯ ಅರ್ಥ ತಿಳಿಯುತ್ತದೆ.

ಇನ್ನು ಗಜನಿ. ಕರಾವಳಿಯವರಲ್ಲದ ಓದುಗರಿಗಾಗಿ ಎರಡು ಮಾತು. ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ ಸುತ್ತ ಒಡ್ಡು ಕಟ್ಟಿ, ತೂಬಿಗೆ ಹಲಗೆಯ ಬಾಗಿಲಿಡುತ್ತಾರೆ. ಮಳೆಗಾಲದಲ್ಲಿ ಬಾಗಿಲು ಮುಚ್ಚಿ, ಉಪ್ಪಿಗೂ ನೆರೆಗೂ ಜಗ್ಗದ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಬಳಿಕ ಬಾಗಿಲು ತೆರೆದರೆ ಭರತದ ನೀರಿನೊಡನೆ ಸಿಗಡಿ, ಮೀನು ಒಳಬಂದು ಆ ಕೊಳೆತ ಹುಲ್ಲಿನಲ್ಲೇ ಬೆಳೆಯುತ್ತವೆ. ಒಂದೇ ಗದ್ದೆ, ಎರಡು ಫಸಲು, ಗೊಬ್ಬರದ ಖರ್ಚಿಲ್ಲ. ಆದರೆ ಒಡ್ಡು ಮಾತ್ರ ಎಲ್ಲರದು. ಒಬ್ಬನ ಪಾಲಿನ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು. 1990ರ ದಶಕದಲ್ಲಿ ಸಿಗಡಿ ಕೃಷಿಯ ಆಸೆಗೆ ಬಿದ್ದು ಅನೇಕರು ಕಗ್ಗವನ್ನು ಬಿಟ್ಟರು. ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಹೋಯಿತು.

ನೆರೆಯ ಗೋವೆಯಲ್ಲಿ ಇಂಥ ಗದ್ದೆಗಳಿಗೆ ಖಜಾನ್ ಎನ್ನುತ್ತಾರೆ. ಕೊಂಕಣ ರೈಲು ಅವುಗಳನ್ನು ತುಳಿದು ಸಾಗುತ್ತದೆಂದು ಅಲ್ಲಿ ಜನ ಎದ್ದು ನಿಂತುದರಿಂದ 1993ರಲ್ಲಿ ಓಝಾ ಆಯೋಗವನ್ನು ನೇಮಿಸಬೇಕಾಯಿತು. ನಮ್ಮೂರಿನಲ್ಲಿ ನಾವು ರೈಲಿಗೆ ಹೂಮಾಲೆ ಹಾಕಿದೆವು. ನಾನೂ ಹಾಕಿದವನೇ. ಚತುಷ್ಪಥ ಹೆದ್ದಾರಿ ಬರಲೆಂದು ಹಾರೈಸಿದವನೂ ನಾನೇ. ಗೋವೆಯ ವಿಮಾನ ನಿಲ್ದಾಣದಿಂದ ಮನೆಗೆ ಬೇಗ ತಲುಪಬೇಕಲ್ಲ! 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಆ ಹೆದ್ದಾರಿಯ ಬದಿಗೆ ಕಡಿದ ಗುಡ್ಡ ಕುಸಿದು, ಚಹಾದಂಗಡಿಯನ್ನೂ ಮನುಷ್ಯರನ್ನೂ ಗಂಗಾವಳಿಗೆ ತಳ್ಳಿದ ಸುದ್ದಿಯನ್ನು ಪುಚೊಂಗಿನ ಮನೆಯಲ್ಲಿ ಕುಳಿತು ನೋಡಿದ ದಿನದಿಂದ ಆ ಹಾರೈಕೆಯನ್ನು ನೆನೆಯಲು ಮನಸ್ಸಾಗುವುದಿಲ್ಲ.

ನಮ್ಮ ತಂದೆಯವರು ಬಿಟ್ಟುಹೋದ ಗಜನಿ ಒಂದು ಎಕರೆಗಿಂತ ತುಸು ಹೆಚ್ಚು. ಮಸ್ಕತ್ತಿನಲ್ಲಿರುವ ಅಣ್ಣ, ಊರಿನಲ್ಲಿರುವ ತಂಗಿ ಮತ್ತು ನಾನು, ಮೂವರ ಹೆಸರೂ ಪಹಣಿಯಲ್ಲಿದೆ. ಹೆದ್ದಾರಿ ಅಗಲವಾದ ಮೇಲೆ ದಲ್ಲಾಳಿಯೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ, ಅಲ್ಲೊಂದು ವಿಹಾರಧಾಮವಾಗಲಿದೆಯಂತೆ. ಕಳೆದ ಸಲ ಊರಿಗೆ ಹೋದಾಗ ನಾನು ಕರಾವಳಿ ನಿಯಂತ್ರಣ ವಲಯದ ನಕಾಶೆಯನ್ನು ಹಿಡಿದು ತಂಗಿಯೊಡನೆ ಒಡ್ಡಿನ ಮೇಲೆ ನಡೆದೆ. ಬಳಚಿನ ಬುಟ್ಟಿ ಇಳಿಸಿ ನಿಂತ ನೆರೆಮನೆಯ ಅಕ್ಕ ಕಾಗದವನ್ನು ಬಗ್ಗಿ ನೋಡಿ, “ತಮ್ಮಾ, ಭರತದ ನೀರು ಎಲ್ಲಿವರೆಗೆ ಬರ್ತದೆ ಅಂತ ಇದ್ರಲ್ಲಿ ಬರ್ದಿದ್ದಾರೇನೋ?” ಎಂದು ಕೇಳಿದರು. ಬರೆದಿತ್ತು. ಭರತ ರೇಖೆಯನ್ನು ಒಡ್ಡಿಗೇ ನಿಲ್ಲಿಸಿದ್ದರು.

ಇದು ನಕಾಶೆ ಬಿಡಿಸಿದವರ ತಪ್ಪಲ್ಲ. 2019ರ ಅಧಿಸೂಚನೆಯೇ ಹಾಗೆ ಹೇಳುತ್ತದೆ: 1991ಕ್ಕಿಂತ ಹಿಂದೆ ಕಟ್ಟಿದ ಒಡ್ಡು ಅಥವಾ ತೂಬು ಇದ್ದಲ್ಲಿ ಭರತ ರೇಖೆ ಅಲ್ಲಿಗೇ ಮುಗಿಯತಕ್ಕದ್ದು. ನದಿ, ಅಳಿವೆಗಳ ದಡದಲ್ಲಿ 2011ರಲ್ಲಿ 100 ಮೀಟರ್ ಇದ್ದ ನಿರ್ಬಂಧದ ಅಂಚು 50 ಮೀಟರಿಗೆ ಇಳಿದದ್ದೂ ಆಗಲೇ. ಒಡ್ಡಿನ ಒಳಗೆ ತಾನಾಗಿ ಕಾಂಡ್ಲಾ ಗಿಡ ಬೆಳೆದಿದ್ದರೆ ಆ ಜಾಗಕ್ಕೆ ರಕ್ಷಣೆಯುಂಟು. ಕಗ್ಗ ಬೆಳೆದಿದ್ದರೆ ಈ ಅಧಿಸೂಚನೆಯಲ್ಲಿ ಅದಕ್ಕೆ ಅಂಥ ಆಸರೆಯಿಲ್ಲ. ವರ್ಷದ ಅರ್ಧ ಕಾಲ ಭರತದ ನೀರು ಉಂಡು ಬದುಕುವ ಗದ್ದೆ ಕಾಗದದ ಮೇಲೆ ಒಣಭೂಮಿ. ರಸ್ತೆಯ ಯೋಜನೆಗೆ ಅದು ಬದಿಯ ಜಾಗ, ಪ್ರವಾಸೋದ್ಯಮಕ್ಕೆ ನಿವೇಶನ, ಸಂರಕ್ಷಣೆಗೆ ರೇಖೆಯಿಂದಾಚೆಯದು. ಅದನ್ನು ಗಜನಿಯೆಂದು ಕರೆಯುವ ಕಚೇರಿ ಯಾವುದೂ ಇಲ್ಲ. ಹಾಗೆ ಕರೆಯುವವರು ಒಡ್ಡು ಕಟ್ಟುವ ಕೆಲವು ಮನೆಯವರು. ಆ ಮನೆಗಳ ಮಕ್ಕಳಲ್ಲಿ ಬಹುಪಾಲು ಜನ ನನ್ನಂತೆ ಹೊರಗಿದ್ದಾರೆ.

ಸಮ್ಮೇಳನಕ್ಕೆ ಆಗಮಿಸಿರುವ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳ ಬಂಧುಗಳಲ್ಲಿ ಎಷ್ಟು ಜನರ ಪೆಟ್ಟಿಗೆಯಲ್ಲಿ ಇಂಥ ಪಹಣಿ ಇದೆಯೋ ನಾನರಿಯೆ. ಇದ್ದರೆ, ಬಿಡುವಿನ ವೇಳೆಯಲ್ಲಿ ಒಂದೆಡೆ ಕೂತು ಮಾತನಾಡೋಣವೆಂದು ಕೋರುತ್ತೇನೆ. ಯಾರ ಗದ್ದೆಗೆ ಯಾವ ಒಡ್ಡು, ಆ ಒಡ್ಡಿಗೆ ಇನ್ನೆಷ್ಟು ಪಾಲುದಾರರು, ಅವರೆಲ್ಲಿದ್ದಾರೆ ಎಂಬ ಪಟ್ಟಿಯೊಂದು ಸಿದ್ಧವಾದರೂ ಸಾಕು. ಯೋಜನೆಯ ಕರಡು ಬಂದಾಗ ಆಕ್ಷೇಪಣೆಗೆ ಸಹಿ ಹಾಕಬೇಕಾದವರು ನಾವೂ ಹೌದು.

ಮಾರಾಟಕ್ಕೆ ಬೇಕಾದ ಅಧಿಕಾರ ಪತ್ರ ಆರು ತಿಂಗಳಿನಿಂದ ನನ್ನ ಮೇಜಿನ ಮೇಲಿದೆ. ಅಣ್ಣನಿಗೆ ಮಗಳ ಮದುವೆಯ ಖರ್ಚಿದೆ. ಅವನ ಅವಸರ ಅನ್ಯಾಯದ್ದೆಂದು ನಾನು ಹೇಳಲಾರೆ. ಮಳೆಗಾಲಕ್ಕೆ ಮುಂಚೆ ಒಡ್ಡಿನ ದುರಸ್ತಿಗೆಂದು ತಂಗಿ ಕೇಳಿದ ವಂತಿಗೆಯನ್ನು ಕಳುಹಿಸಿದ್ದೇನೆ. ಪತ್ರಕ್ಕೆ ಇನ್ನೂ ಸಹಿ ಮಾಡಿಲ್ಲ.